ಸಿಂಥ್‌ಗೆ ಎರಡು ಸಾವಿರ ಯಾಕೆ, ಫ್ರೀ ಇರೋದೇ ಸಾಕು

ಅಣ್ಣಾ, ಭಜನೆ ಪದಕ್ಕೆ ಹಿಂದೆ ಶ್ರುತಿ ಹಿಡಿಯೋಕೆ 2000 ರೂಪಾಯಿ ಒಳಗೆ ಸಾಫ್ಟ್‌ವೇರ್ ಸಿಂಥ್ (ಕಂಪ್ಯೂಟರಲ್ಲೇ ವಾದ್ಯದ ದನಿ ಹುಟ್ಟಿಸೋ ಪ್ರೋಗ್ರಾಂ) ಯಾವುದು ಅಂತ ಕೇಳಿದ್ದೀರಿ. ರೊಕ್ಕ ಜೇಬಲ್ಲೇ ಇರಲಿ. ಸರ್ಜ್ ಎಕ್ಸ್‌ಟಿ ಅನ್ನೋ ಸಿಂಥ್ ಪೂರ್ತಿ ಉಚಿತ, ಓಪನ್ ಸೋರ್ಸ್ (ಅದರ ಕೋಡ್ ಎಲ್ಲರಿಗೂ ಮುಕ್ತ). ಅದರ ಮಿಕ್ಸರ್‌ನಲ್ಲಿ ಎರಡನೇ ಆಸಿಲೇಟರ್ (ಮೂಲ ದನಿ ಹುಟ್ಟಿಸೋ ಭಾಗ) ಆನ್ ಮಾಡಿ, ಅದನ್ನು ಐದಾರು ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಮೇಲೆ ಸರಿಸಿ. ಆಮೇಲೆ ತೀಕ್ಷ್ಣ ದನಿ ತಗ್ಗಿಸೋ ಲೋ ಪಾಸ್ ಫಿಲ್ಟರ್ ನಿಧಾನಕ್ಕೆ ಇಳಿಸುತ್ತಾ ಹೋಗಿ. ಹಾರ್ಮೋನಿಯಂ ತಿದಿ ಒತ್ತಿದಂಥ ತುಂಬಿದ ದನಿ ಬರುತ್ತೆ.

ವೈಟಲ್ ಅನ್ನೋ ಸಿಂಥ್ ಕೂಡ ಫ್ರೀ ಸಿಗುತ್ತೆ, ನೋಡೋಕೂ ಚೆಂದ. ಆದರೆ ಪ್ರೊಸೆಸರ್ ಜಾಸ್ತಿ ತಿನ್ನುತ್ತೆ. ನಮ್ಮ ವಿಜಯಪುರದ ಬೇಸಿಗೆಯಲ್ಲಿ ನನ್ನ ಹಳೇ ಲ್ಯಾಪ್‌ಟಾಪ್ ಫ್ಯಾನ್ ಹಿಟ್ಟಿನ ಗಿರಣಿ ಥರ ಕೂಗುತ್ತಿತ್ತು. ಯೂನಿಸನ್ (ಒಂದೇ ಸ್ವರಕ್ಕೆ ಒಟ್ಟಿಗೆ ನುಡಿಯೋ ದನಿಗಳ ಸಂಖ್ಯೆ) 8ರಿಂದ 2ಕ್ಕೆ ಇಳಿಸಿದ ಮೇಲೆ ಸುಮ್ಮನಾಯ್ತು. ಗಂಟೆ ದನಿ ಬೇಕಾದರೆ ಡೆಕ್ಸೆಡ್ ಸಿಂಥ್ ನೋಡಿ, 1983ರ ಯಮಹಾ ಡಿಎಕ್ಸ್7 ಕೀಬೋರ್ಡ್ ಮಾದರಿಯದು, ಅದೂ ಉಚಿತ.

ಉಳಿದ ರೊಕ್ಕಕ್ಕೆ ಹೆಡ್‌ಫೋನ್ ತಗೊಳ್ಳಿ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಮಂದ್ರ ಸರಿಯಾಗಿ ಕೇಳಿಸೋದೇ ಇಲ್ಲ.