ಹಲ್ಲು ಕಚ್ಚಿ ತಡೆದುಕೊಳ್ಳಬೇಡಿ

ಪ್ರಶ್ನೆ: ಅಕ್ಕಾ, ನನಗೆ ಹೆರಿಗೆಯಾಗಿ ಇವತ್ತಿಗೆ ಆರು ದಿನ. ಹೆಣ್ಣು ಮಗು. ಹಾಲು ಚೆನ್ನಾಗಿ ಬರುತ್ತಿದೆ. ಆದರೆ ಮಗು ಬಾಯಿ ಹಾಕಿದ ಕೂಡಲೇ ಜೀವ ಹೋದ ಹಾಗಾಗುತ್ತದೆ. ಕಾಲ್ಬೆರಳು ಮಡಚಿಕೊಂಡು ಕೂತಿರುತ್ತೇನೆ. ಎಡಗಡೆಯ ತೊಟ್ಟು ಬಿರುಕು ಬಿಟ್ಟಿದೆ. 'ಮೊದಮೊದಲು ಹಾಗೇ, ಆಮೇಲೆ ಅಭ್ಯಾಸವಾಗುತ್ತದೆ' ಅಂತ ಎಲ್ಲರೂ ಹೇಳುತ್ತಾರೆ. ಈಗ ಮಗು ಎದ್ದರೇ ನನಗೆ ಭಯ. ನಾನು ಕೆಟ್ಟ ತಾಯಿಯಾ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಖಂಡಿತ ಅಲ್ಲ. ದಿನಕ್ಕೆ ಹತ್ತು ಸಲ ನೋಯುವ ಕೆಲಸ ಅಂದರೆ ಯಾರಿಗೆ ತಾನೇ ಭಯವಿಲ್ಲ?

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಈಗ ದಿನವಿಡೀ ಇದನ್ನೇ ಕಲಿಸುತ್ತೇನೆ. ಆದರೆ ನನ್ನ ಮೊದಲ ಮಗುವಿಗೆ ಹನ್ನೆರಡು ದಿನ ನಿಮ್ಮ ಹಾಗೇ ಹಲ್ಲು ಕಚ್ಚಿಕೊಂಡು ಕುಡಿಸಿದವಳು ನಾನು. ಒಂದು ರಾತ್ರಿ ಮಗು ಕಕ್ಕಿದ ಹಾಲಿನಲ್ಲಿ ರಕ್ತದ ಎಳೆ ಕಂಡು ಕೈಕಾಲು ತಣ್ಣಗಾಗಿಬಿಟ್ಟಿತು. ರಕ್ತ ನನ್ನ ಬಿರುಕಿನದು, ಮಗುವಿಗೆ ಅದರಿಂದ ಏನೂ ಆಗಲಿಲ್ಲ. ಹಿರಿಯ ನರ್ಸ್ ಒಬ್ಬರು ಬಂದು, ನಾನು ಕುಡಿಸುವುದನ್ನು ಒಂದು ನಿಮಿಷ ಸುಮ್ನೆ ನೋಡಿ, 'ನೀನ್ಯಾಕಮ್ಮ ಮಗುವಿನ ಕಡೆ ಬಾಗ್ತೀಯಾ? ಮಗುವನ್ನ ನಿನ್ನ ಕಡೆ ತಾ' ಅಂದರು. ಅಷ್ಟೇ. ನನ್ನ ಕಷ್ಟದ ಮುಕ್ಕಾಲು ಪಾಲು ಆ ಒಂದು ಮಾತಿಗೆ ಹೋಯಿತು.

ಯಾಕೆ ನೋಯುತ್ತದೆ ಅನ್ನುವುದು ನಿಮ್ಮ ಬಾಯಲ್ಲೇ ಗೊತ್ತಾಗುತ್ತದೆ. ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಡಿ. ಗಟ್ಟಿಯಾಗಿ, ಗೆರೆಗೆರೆಯಾಗಿ ಇದೆ ಅಲ್ವಾ? ಹಾಗೇ ಹಿಂದಕ್ಕೆ ಸರಿಸಿ. ಒಂದು ಕಡೆ ಮೆತ್ತಗಾಗುತ್ತದೆ. ತೊಟ್ಟು ಆ ಮೆತ್ತನೆಯ ಜಾಗದ ಹತ್ತಿರದವರೆಗೆ ಹೋಗಬೇಕು. ಮಗು ಬರೀ ತುದಿಯನ್ನು ಹಿಡಿದರೆ ಗಟ್ಟಿ ಜಾಗಕ್ಕೂ ನಾಲಿಗೆಗೂ ನಡುವೆ ತೊಟ್ಟು ಅರೆದುಹೋಗುತ್ತದೆ. ನೋವೂ ಬಿರುಕೂ ಅಲ್ಲಿಂದಲೇ. ಹಾಲೂ ಸರಿಯಾಗಿ ಬರುವುದಿಲ್ಲ, ಹಾಗಾಗಿ ಮಗು ಗಂಟೆಗಟ್ಟಲೆ ಚೀಪುತ್ತದೆ.

ಈಗ ಮಾಡಬೇಕಾದದ್ದು. ಮೊದಲು ನೀವು ಬೆನ್ನನ್ನು ಹಿಂದಕ್ಕೆ ಆನಿಸಿಕೊಂಡು ಆರಾಮವಾಗಿ ಕೂತುಕೊಳ್ಳಿ. ಮಗುವನ್ನು ಪೂರ್ತಿಯಾಗಿ ನಿಮ್ಮ ಕಡೆ ತಿರುಗಿಸಿ, ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಿರಲಿ. ಎಷ್ಟೋ ಜನ ಮಗುವನ್ನು ಅಂಗಾತ ಮಲಗಿಸಿ ಕತ್ತನ್ನು ಮಾತ್ರ ತಿರುಗಿಸುತ್ತಾರೆ. ನೀವು ಕತ್ತು ಪಕ್ಕಕ್ಕೆ ತಿರುಗಿಸಿ ಒಂದು ಗುಟುಕು ನೀರು ಕುಡಿದು ನೋಡಿ, ಆ ಕಷ್ಟ ಅರ್ಥವಾಗುತ್ತದೆ.

ತೊಟ್ಟು ಮಗುವಿನ ಬಾಯಿಗೆ ನೇರ ಇರಬಾರದು, ಮೂಗಿಗೆ ನೇರ ಇರಲಿ. ಮೂಗಿನ ಕೆಳಗೆ ತೊಟ್ಟನ್ನು ಮೆಲ್ಲಗೆ ಸವರಿ. ವಾಸನೆಗೆ ಮಗು ತಲೆ ಸ್ವಲ್ಪ ಹಿಂದಕ್ಕೆ ಎತ್ತಿ ಬಾಯಿ ತೆರೆಯುತ್ತದೆ. ಚೂರು ತೆರೆದ ಕೂಡಲೇ ತುರುಕಬೇಡಿ, ಕಾಯಿರಿ. ಆಕಳಿಸುವ ಹಾಗೆ ದೊಡ್ಡದಾಗಿ ತೆರೆದಾಗ ಮಗುವನ್ನು ಚಟ್ಟನೆ ಹತ್ತಿರ ತನ್ನಿ. ಗದ್ದ ಮೊದಲು ತಾಗಬೇಕು. ನಿಮ್ಮ ಕೈ ಅದರ ಭುಜ, ಕತ್ತಿನ ಬುಡದಲ್ಲಿರಲಿ. ತಲೆಯ ಹಿಂಭಾಗ ಹಿಡಿದು ಒತ್ತಿದರೆ ಮಗು ಹಠ ಮಾಡಿ ಹಿಂದಕ್ಕೆ ಸೆಟೆಯುತ್ತದೆ.

ಸರಿಯಾಗಿ ಹಿಡಿದಿದ್ದರೆ ಕೆಳತುಟಿ ಹೊರಕ್ಕೆ ಮಡಚಿರುತ್ತದೆ, ಗದ್ದ ಎದೆಗೆ ಒತ್ತಿರುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಜಾಸ್ತಿ, ಕೆಳಗಡೆ ಕಡಿಮೆ ಕಾಣುತ್ತದೆ. ಮೊದಲು ಪುಟಪುಟ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ ಎಳೆಯುತ್ತದೆ. ನುಂಗುವ ಸದ್ದು ಕೇಳಬೇಕು. ಲೊಟಕ್ ಲೊಟಕ್ ಅಂತ ಸದ್ದು ಬಂದರೆ, ಕೆನ್ನೆ ಗುಳಿ ಬಿದ್ದರೆ, ಹಿಡಿತ ಸರಿಯಿಲ್ಲ.

ಮೊದಲ ದಿನಗಳಲ್ಲಿ ಶುರುವಿನ ಅರ್ಧ ನಿಮಿಷ ಎಳೆದ ಹಾಗಾಗುವುದು ಇದ್ದದ್ದೇ. ಅದಾದ ಮೇಲೂ ನೋಯುತ್ತಿದ್ದರೆ ದಯವಿಟ್ಟು ತಡೆದುಕೊಳ್ಳಬೇಡಿ, ಬಿಡಿಸಿ. ಎಳೆದು ಬಿಡಿಸಬೇಡಿ ಮಾತ್ರ. ತೊಳೆದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ಒಳಗೆ, ವಸಡುಗಳ ನಡುವೆ ಹಾಕಿ. 'ಪುಚ್' ಅಂತ ಬಿಡುತ್ತದೆ. ಮತ್ತೆ ಹಿಡಿಸಿ. ಒಂದೇ ಹೊತ್ತಿಗೆ ನಾಲ್ಕು ಸಲ ಬಿಡಿಸಬೇಕಾಗಬಹುದು. ಮಗು ಅಳುತ್ತದೆ, ಮನೆಯವರು 'ಪಾಪ, ಕುಡಿಯಲಿ ಬಿಡು' ಅನ್ನುತ್ತಾರೆ. ಅನ್ನಲಿ. ಮಗುವೂ ಕಲಿಯುತ್ತಿದೆ.

ಬಿಟ್ಟ ಮೇಲೆ ತೊಟ್ಟನ್ನು ನೋಡಿ. ಗುಂಡಗಿದ್ದರೆ ಸರಿ. ಬಳಸಿದ ಲಿಪ್‌ಸ್ಟಿಕ್ಕಿನ ಹಾಗೆ ಓರೆಯಾಗಿ ಚಪ್ಪಟೆಯಾಗಿದ್ದರೆ ಮುಂದಿನ ಸಲ ಇನ್ನೂ ಆಳವಾಗಿ ಹಿಡಿಸಬೇಕು. ಬಿರುಕಿಗೆ ನಿಮ್ಮದೇ ಒಂದೆರಡು ಹನಿ ಹಾಲು ಸವರಿ ಗಾಳಿಗೆ ಆರಲು ಬಿಡಿ. ಲ್ಯಾನೊಲಿನ್ ಮುಲಾಮು ಹಚ್ಚಿದರೂ ಆಗುತ್ತದೆ. ಎರಡು ದಿನ ನೋವು ಕಡಿಮೆ ಇರುವ ಕಡೆಯಿಂದ ಶುರು ಮಾಡಿ. ಎಡಗಡೆ ತಡೆಯಲಿಕ್ಕೇ ಆಗದಿದ್ದರೆ ಕೈಯಿಂದ ಹಾಲು ಹಿಂಡಿ ಚಮಚದಲ್ಲಿ ಕುಡಿಸಿ, ಆದರೆ ಆ ಕಡೆ ಹಾಲು ತೆಗೆಯುವುದನ್ನು ಬಿಡಬೇಡಿ.

ನಿಮಗೆ ಆರನೇ ದಿನ ಅಂದಿರಿ. ಈ ದಿನಗಳಲ್ಲಿ ಎದೆ ಕಲ್ಲಿನ ಹಾಗಾಗಿದ್ದರೆ ಮಗುವಿಗೆ ಹಿಡಿತ ಸಿಗುವುದಿಲ್ಲ, ಗೋಡೆಗೆ ಬಾಯಿ ಹಾಕಿದಂತೆ ಜಾರುತ್ತದೆ. ಕುಡಿಸುವ ಮೊದಲು ಬೆರಳುಗಳನ್ನು ತೊಟ್ಟಿನ ಸುತ್ತ ಇಟ್ಟು ಒಂದು ನಿಮಿಷ ಎದೆಯ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ, ಸ್ವಲ್ಪ ಹಾಲು ಹಿಂಡಿ. ಮೆತ್ತಗಾಗುತ್ತದೆ. ಕುಡಿಸಿದ ಮೇಲೆ ತಣ್ಣನೆಯ ಬಟ್ಟೆ ಇಟ್ಟುಕೊಳ್ಳಿ. ಎದೆಯ ಒಂದು ಭಾಗ ಕೆಂಪಾಗಿ ಬಿಸಿಯಾಗಿ, ಜ್ವರ, ಚಳಿ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಆಗಲೂ ಆ ಕಡೆ ಹಾಲು ಕುಡಿಸುವುದನ್ನು ನಿಲ್ಲಿಸಬೇಕಿಲ್ಲ.

ಇಷ್ಟೆಲ್ಲ ಮಾಡಿಯೂ ಎರಡು ಮೂರು ದಿನದಲ್ಲಿ ಸುಧಾರಿಸದಿದ್ದರೆ ನೀವು ಕುಡಿಸುವುದನ್ನು ಕಣ್ಣಾರೆ ನೋಡುವವರು ಬೇಕು. ಕೆಲವು ಮಕ್ಕಳಿಗೆ ನಾಲಿಗೆಯ ಕೆಳಗಿನ ಪೊರೆ ಗಿಡ್ಡವಿರುತ್ತದೆ, ನಾಲಿಗೆ ಮುಂದೆ ಚಾಚಲು ಬರುವುದಿಲ್ಲ. ಅದನ್ನು ಬಾಯಿ ನೋಡಿಯೇ ಹೇಳಬೇಕು, ಪತ್ರ ಓದಿ ಹೇಳಲು ನನ್ನಿಂದಾಗದು.

ಪ್ರಶ್ನೆ: ನಮ್ಮ ಮಗನಿಗೆ ನಾಲ್ಕು ದಿನ. ಹುಟ್ಟಿದಾಗ 3 ಕೆಜಿ ಇದ್ದವನು ಈಗ 2 ಕೆಜಿ 800 ಗ್ರಾಂ. ಸಂಜೆಯಾದರೆ ಗಂಟೆಗೊಮ್ಮೆ ಹಾಲಿಗೆ ಅಳುತ್ತಾನೆ. ಹೆಂಡತಿಗೆ ಹಾಲು ಸಾಲುತ್ತಿಲ್ಲವೇನೋ. ಪುಡಿ ಹಾಲು ತರಲೇ?

ಉತ್ತರ: ಅಪ್ಪಂದಿರು ಬರೆಯುವುದು ಅಪರೂಪ, ಖುಷಿಯಾಯಿತು. ಪುಡಿ ಹಾಲಿಗೆ ಓಡುವ ಮೊದಲು ಲೆಕ್ಕ ನೋಡೋಣ. ಮೊದಲ ದಿನಗಳಲ್ಲಿ ಮಗು ಹುಟ್ಟಿದ ತೂಕದ 7ರಿಂದ 10 ಶೇಕಡಾದವರೆಗೆ ಇಳಿಯುವುದುಂಟು. ನಿಮ್ಮ ಮಗ ಇಳಿದಿರುವುದು 7 ಶೇಕಡಾದೊಳಗೇ. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು, ಅದಕ್ಕೆ ಮತ್ತೆ ತೂಕ ಹಾಕಿಸಿ.

ಹಾಲು ಎಷ್ಟು ಹೋಯಿತು ಅಂತ ನೋಡಲಾಗುವುದಿಲ್ಲ, ಹೊರಗೆ ಬಂದದ್ದನ್ನು ಎಣಿಸಬಹುದು. ಐದನೇ ದಿನದ ಹೊತ್ತಿಗೆ 24 ಗಂಟೆಯಲ್ಲಿ ಆರಾದರೂ ಬಟ್ಟೆ ಒದ್ದೆಯಾಗಬೇಕು. ಮಲ ಕಪ್ಪಿನಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಬೇಕು. ಈ ಎಣಿಕೆಯ ಕೆಲಸ ನಿಮ್ಮದು, ಅವರಿಗೆ ಬಿಡಬೇಡಿ.

ದಿನಕ್ಕೆ 8ರಿಂದ 12 ಸಲ ಕುಡಿಯುವುದು ಮಾಮೂಲು. ಸಂಜೆ ಒಂದರ ಹಿಂದೆ ಒಂದು ಕುಡಿಯುವುದೂ ಮಾಮೂಲು. ಎದೆ ಖಾಲಿಯಾದಷ್ಟೂ ದೇಹ ಜಾಸ್ತಿ ಹಾಲು ಮಾಡುತ್ತದೆ. ಈಗ ಸುಮ್ನೆ ಬಾಟಲಿ ಕೊಟ್ಟರೆ ಆ ಬೇಡಿಕೆ ದೇಹಕ್ಕೆ ತಲುಪುವುದೇ ಇಲ್ಲ. ಅಳುವವರೆಗೂ ಕಾಯಬೇಡಿ. ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ಒಯ್ಯುವುದು, ಕೆನ್ನೆ ತಾಗಿದ ಕಡೆ ತಿರುಗುವುದು, ಇವೇ ಹಸಿವಿನ ಗುರುತು. ಅಳುವ ಮಗುವಿಗೆ ಹಿಡಿಸುವುದು ಕಷ್ಟ.

ಆದರೆ ಬಟ್ಟೆ ಒದ್ದೆಯಾಗುವುದು ಕಡಿಮೆಯಾದರೆ, ಎಬ್ಬಿಸಿದರೂ ಏಳದೆ ಕುಡಿಯದೆ ಮಲಗಿದರೆ, ಕಣ್ಣು, ಮೈ ಹಳದಿಯಾಗುತ್ತಾ ಹೋದರೆ, ಈ ಉತ್ತರವನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಮೇಲಿನ ಹಾಲು ಬೇಕೆಂದು ಡಾಕ್ಟರ್ ಹೇಳಿದರೆ ಕೊಡಿ, ಅದರಲ್ಲಿ ನಿಮ್ಮ ಹೆಂಡತಿಯ ಸೋಲೇನಿಲ್ಲ.

ಪ್ರಶ್ನೆ: ಪ್ರತಿ ಸಲ ಕುಡಿಸುವ ಮೊದಲು ತೊಟ್ಟನ್ನು ಸೋಪಿನಿಂದ ತೊಳೆಯಬೇಕಾ?

ಉತ್ತರ: ಬೇಡ. ಸೋಪು ಅಲ್ಲಿನ ಜಿಡ್ಡನ್ನು ತೆಗೆದು ಚರ್ಮ ಒಣಗಿಸುತ್ತದೆ, ಬಿರುಕು ಜಾಸ್ತಿಯಾಗುತ್ತದೆ. ದಿನದ ಸ್ನಾನದ ನೀರು ಸಾಕು. ತೊಳೆಯಬೇಕಾದದ್ದು ನಿಮ್ಮ ಕೈ, ಮತ್ತೆ ಮಗುವನ್ನು ಎತ್ತಿಕೊಳ್ಳಲು ಬರುವವರೆಲ್ಲರ ಕೈ.