ಸಡಿಲವಾದ ಹಲಸಿನ ಕಪಾಟು

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಹಲಸಿನ ಮರದಿಂದ ಕೈಯಾರೆ ಮಾಡಿದ ಸಣ್ಣ ಪುಸ್ತಕದ ಕಪಾಟಿನಲ್ಲಿ, ಕಂಬದ ತೂತುಗಳೊಳಗೆ ಕೂರಿಸಿದ ಅಡ್ಡಪಟ್ಟಿಗಳ ನಾಲಿಗೆಗಳು ಈ ಬೇಸಿಗೆಯಲ್ಲಿ ಅಲುಗಾಡುತ್ತಿವೆ. ಸಂದಿಗೆ ಅಂಟು ತುಂಬಿದರೆ ಸಾಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಾಲದು. ಮರವು ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಮಲೆನಾಡಿನ ಮಳೆಗಾಲದ ತೇವವನ್ನು ಹೀರಿಕೊಂಡಿದ್ದ ನಾಲಿಗೆ ಈಗ ಒಣಗಿ ತೆಳುವಾಗಿದೆ, ಮತ್ತು ಮರಗೆಲಸದ ಬಿಳಿ ಅಂಟು ಮೈಗೆ ಮೈ ತಾಗಿದಲ್ಲಿ ಹಿಡಿಯುತ್ತದೆಯೇ ಹೊರತು ಸಂದಿಯನ್ನು ತುಂಬಿ ಭಾರ ಹೊರುವುದಿಲ್ಲ. ಜೋಡಣೆಯನ್ನು ಬಿಚ್ಚಿ, ನಾಲಿಗೆಯ ಬದಿಗೆ ಹಲಸಿನದೇ ತೆಳು ಚಕ್ಕೆಯನ್ನು ಎಳೆಯ ದಿಕ್ಕು ಹೊಂದುವಂತೆ ಅಂಟಿಸಿ, ಒಣಗಿದ ಬಳಿಕ ಹರಿತವಾದ ಅಗಲ ಉಳಿಯಿಂದ ಸ್ವಲ್ಪ ಸ್ವಲ್ಪವೇ ಸವರುತ್ತಾ, ಕೈಯಿಂದ ಒತ್ತಿದರೆ ಅರ್ಧ ಒಳಹೋಗಿ ಉಳಿದರ್ಧಕ್ಕೆ ಕೊಡತಿಯ ಮೆಲ್ಲನೆಯ ಏಟು ಬೇಕಾಗುವಷ್ಟು ಬಿಗಿಗೆ ತನ್ನಿರಿ. ಅದಕ್ಕಿಂತ ಬಿಗಿಯಾದರೆ ಆಷಾಢದಲ್ಲಿ ಮರ ಉಬ್ಬಿದಾಗ ಕಂಬ ಸೀಳೀತು. ಮರದ ಆಯ್ಕೆಯಲ್ಲಿ ದೋಷವಿಲ್ಲ; ಹಲಸು ಉಳಿಗೆ ಒಲಿಯುವ ಮರ.

ಇನ್ನೊಂದು ಕಪಾಟು ಮಾಡುವುದಾದರೆ ಚೆನ್ನಾಗಿ ಒಣಗಿದ ಮರವನ್ನೇ ಬಳಸಿ, ಮೊದಲು ತೂತು ಕೊರೆದು ಅದರ ಅಳತೆಗೆ ನಾಲಿಗೆಯನ್ನು ಕೊಯ್ಯಿರಿ. 24 ಮಿ.ಮೀ. ದಪ್ಪದ ಪಟ್ಟಿಗೆ 8 ಮಿ.ಮೀ. ದಪ್ಪದ ನಾಲಿಗೆ ಸರಿಹೋಗುತ್ತದೆ. ಅಗಲವಾದ ಹಲಗೆಗಳನ್ನು ಮಾತ್ರ ಚೌಕಟ್ಟಿಗೆ ಅಂಟಿಸದೆ ಸುಮ್ಮನೆ ಕೂರಿಸಿರಿ.