ಡಕೋಟಾ ಹಾರಿಸಿದವರಿಗೆ ಬೇರೆಯವರ ಸಾಹಸ ಏಕೆ?

ಪ್ರಿಯ ಲೇಖಕರೇ,

ನೀವು ಕಳುಹಿಸಿದ ನುಡಿನಮನವನ್ನು ಓದಿದೆ, ಮತ್ತೊಮ್ಮೆ ಓದಿದೆ. 1971ರ ಯುದ್ಧದಲ್ಲಿ ವಿಮಾನ ಹಾರಿಸಿ, ನಿವೃತ್ತಿಯ ನಂತರ ಗೆಳೆಯರ ಬಳಗಕ್ಕೆ ವರ್ಷಗಟ್ಟಲೆ ಕಥೆ ಹೇಳುತ್ತ ಬಂದು, ಈಚೆಗೆ ತೀರಿಕೊಂಡ ಹಿರಿಯರೊಬ್ಬರನ್ನು ನೆನೆದು ಬರೆದಿದ್ದೀರಿ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಕೈಬಿಡುವುದಕ್ಕೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಕಹಿಯಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಎರಡನೆಯ ಪುಟದಲ್ಲಿ ಈ ಹಿರಿಯರು ಪೂರ್ವ ಗಡಿಯ ಬೊಯ್ರಾದ ಮೇಲೆ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳನ್ನು ಬೆನ್ನಟ್ಟುತ್ತಾರೆ, ಲೊಂಗೆವಾಲಾದಲ್ಲಿ ಟ್ಯಾಂಕುಗಳ ಮೇಲೆ ಎರಗುತ್ತಾರೆ, ಢಾಕಾದ ಗವರ್ನರ್ ಭವನಕ್ಕೆ ರಾಕೆಟ್ ಹೊಡೆಯುತ್ತಾರೆ. ಇದು ಒಬ್ಬ ಮನುಷ್ಯನಿಂದ ಆಗುವ ಕೆಲಸವಲ್ಲ. ಬೊಯ್ರಾದ ಕಾಳಗ ನಡೆದದ್ದು ನವೆಂಬರ್ 22ರಂದು, ಯುದ್ಧ ಘೋಷಣೆಯಾಗುವ ಮೊದಲೇ. ಅಲ್ಲಿ ಕಾದಿದವು ನಮ್ಮ ಪುಟ್ಟ ಯುದ್ಧವಿಮಾನಗಳಾದ ನ್ಯಾಟ್‌ಗಳು. ಲೊಂಗೆವಾಲಾ ಇರುವುದು ದೇಶದ ಇನ್ನೊಂದು ತುದಿಯ ಮರಳುಗಾಡಿನಲ್ಲಿ; ಡಿಸೆಂಬರ್ 5ರ ಬೆಳಗ್ಗೆ ಜೈಸಲ್ಮೇರ್‌ನಿಂದ ಎದ್ದು ಹೋದವು ಹಂಟರ್‌ಗಳು. ಗವರ್ನರ್ ಭವನದ ಮೇಲೆ ಡಿಸೆಂಬರ್ 14ರಂದು ರಾಕೆಟ್ ಸುರಿಸಿದವು ಮಿಗ್-21ಗಳು. ವಿಮಾನಗಳು ಬೇರೆ, ಸ್ಕ್ವಾಡ್ರನ್‌ಗಳು ಬೇರೆ, ಹಾರಿಸಿದ ಪೈಲಟ್‌ಗಳೂ ಬೇರೆ. ಮೂರನೆಯ ಪುಟಕ್ಕೆ ಬಂದರೆ, ಅವರು ಡಕೋಟಾ ಸಾಗಣೆ ವಿಮಾನದ ಪೈಲಟ್ ಆಗಿದ್ದರೆಂದು ನೀವೇ ಒಂದು ಸಾಲಿನಲ್ಲಿ ಹೇಳಿ ಮುಂದೆ ಓಡಿದ್ದೀರಿ.

ಆ ಮೂರೂ ಕಾಳಗಗಳನ್ನು ಅವರೇ ತಮ್ಮದೆಂದು ಹೇಳಿಕೊಂಡರೆಂದು ನನಗೆ ಅನ್ನಿಸುವುದಿಲ್ಲ. ನೀವು ಉದ್ಧರಿಸಿರುವ ಅವರ ಮಾತುಗಳಲ್ಲಿ ಎಲ್ಲಿಯೂ ಬಡಾಯಿಯಿಲ್ಲ. ಒಂದು ಗುಂಡನ್ನೂ ಹಾರಿಸದ ಪೈಲಟ್ಟನ್ನು ಓದುಗರು ವೀರನೆಂದು ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು ನಿಮ್ಮದೇ. ಆ ಅಳುಕಿಗೆ ಪರರ ಸಾಹಸವನ್ನು ತಂದು ಅವರ ಮೈಮೇಲೆ ಹೊದಿಸಿದಿರಿ. ಬೊಯ್ರಾದಲ್ಲಿ, ಲೊಂಗೆವಾಲಾದಲ್ಲಿ ನಿಜವಾಗಿ ಹಾರಿದವರಿಗೆ ಇದರಿಂದ ಅನ್ಯಾಯವಾಯಿತು. ನಿಮ್ಮ ಹಿರಿಯರಿಗೆ ಅದಕ್ಕಿಂತ ದೊಡ್ಡ ಅನ್ಯಾಯವಾಯಿತು, ಏಕೆಂದರೆ ಆ ಹೊದಿಕೆಯಡಿ ಅವರೇ ಕಾಣದಾದರು.

ಡಕೋಟಾ ಹಾರಿಸಿದವರ ಬಗ್ಗೆ ನಾಚಿಕೆಪಡುವಂಥದ್ದು ಏನೂ ಇಲ್ಲ. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಮೊದಲ ಸೈನಿಕರನ್ನು ಇಳಿಸಿದ್ದು ಡಕೋಟಾಗಳು. ಮರುವರ್ಷದ ಮೇ ತಿಂಗಳಲ್ಲಿ ವಾಯುಪಡೆಯ ಮೇಹರ್ ಸಿಂಗ್ ಅವರು ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರನ್ನು ಕೂರಿಸಿಕೊಂಡು ಹಿಮಾಲಯ ದಾಟಿ ಲೇಹ್‌ನಲ್ಲಿ ಇಳಿದದ್ದೂ ಡಕೋಟಾದಲ್ಲಿ. ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆಯೇ ಇಲ್ಲದ ವಿಮಾನ ಅದು. ಇನ್ನು 1971ರ ಡಿಸೆಂಬರ್ 11ರ ಸಂಜೆ ಢಾಕಾದ ವಾಯವ್ಯಕ್ಕಿರುವ ತಂಗೈಲ್ ಬಳಿ ಎರಡನೆಯ ಪ್ಯಾರಾ ಬೆಟಾಲಿಯನ್ ಧುಮುಕಿತಲ್ಲ, ಆ ಹಾರಾಟದಲ್ಲಿ ಸಾಗಣೆ ವಿಮಾನಗಳಾದ ಎಎನ್-12 ಮತ್ತು ಪ್ಯಾಕೆಟ್‌ಗಳ ಜೊತೆ ಡಕೋಟಾಗಳೂ ಇದ್ದವು. ಲೋಹಜಂಗ್ ನದಿಯ ಪೂಂಗ್ಲಿ ಸೇತುವೆಯನ್ನು ಹಿಡಿದು, ಉತ್ತರದಿಂದ ಢಾಕಾ ಕಡೆಗೆ ಹಿಂದೆಗೆಯುತ್ತಿದ್ದ ಪಾಕಿಸ್ತಾನಿ ಪಡೆಯ ದಾರಿ ಕಡಿಯುವುದು ಉದ್ದೇಶ. ಐದೇ ದಿನಗಳಲ್ಲಿ ಇದೇ ಬೆಟಾಲಿಯನ್ನಿನವರು ಢಾಕಾ ನಗರವನ್ನು ಹೊಕ್ಕಿದ್ದರು. ನಿಮ್ಮ ಹಿರಿಯರು ಆ ಸಂಜೆ ಅಲ್ಲಿದ್ದರು. ಇದಕ್ಕಿಂತ ಇನ್ನೇನು ಬೇಕಿತ್ತು ನಿಮಗೆ?

ಈಗ ನಿಮ್ಮ ನಾಲ್ಕನೆಯ ಪುಟಕ್ಕೆ ಬರುತ್ತೇನೆ. ಈ ಪತ್ರ ಬರೆಸಿದ್ದು ಆ ಪುಟವೇ. ಅವರ ಮಾತನ್ನು ನೀವು ಹೀಗೆ ಬರೆದುಕೊಂಡಿದ್ದೀರಿ: ‘ಹಸಿರು ದೀಪ ಹಾಕಿದ ಮೇಲೆ ನಾನು ಹಿಂದಿರುಗಿ ನೋಡಲಿಲ್ಲ. ಹುಡುಗರು ಬಾಗಿಲ ಕಡೆ ಸರಿದಂತೆ ಬಾಲ ಭಾರವಾಗುತ್ತಿತ್ತು, ಒಬ್ಬೊಬ್ಬನೂ ಹಾರಿದಂತೆ ಹಗುರಾಗುತ್ತಿತ್ತು. ಕೊನೆಯವನು ಹೋದದ್ದು ನನ್ನ ಕೈಗೇ ಗೊತ್ತಾಯಿತು.’ ಇದನ್ನು ಪುಸ್ತಕ ಓದಿ ಯಾರೂ ಹೇಳಲಾರರು. ಹಸಿರು ದೀಪ ಧುಮುಕಲು ಕೊಡುವ ಸನ್ನೆ. ಭಾರ ಹಿಂದಕ್ಕೆ ಸರಿದಾಗ ವಿಮಾನದ ಮೂಗು ಏಳತೊಡಗುತ್ತದೆ. ಪೈಲಟ್ ಅದನ್ನು ಒತ್ತಿ ಹಿಡಿದು, ವೇಗವನ್ನೂ ಎತ್ತರವನ್ನೂ ಕದಲದಂತೆ ಕಾಯಬೇಕು. ಹೆಗಲ ಹಿಂದೆ ನಡೆಯುವುದನ್ನು ಅವನು ಅಂಗೈಯಲ್ಲಿ ಓದುತ್ತಾನೆ.

ಅದರ ಬೆನ್ನಿಗೆ ಕಂಸದೊಳಗೆ ಒಂದು ಸಂಗತಿಯನ್ನು ಅಡಗಿಸಿಟ್ಟಿದ್ದೀರಿ. ಕಥೆ ಈ ಘಟ್ಟಕ್ಕೆ ಬಂದಾಗ ಅವರು ಮಾತು ನಿಲ್ಲಿಸಿ ಬೆರಳುಗಳಿಂದ ಮೇಜನ್ನು ಪಟಪಟನೆ ಬಡಿಯುತ್ತಿದ್ದರು, ಯಾಕೆಂದು ನಿಮಗೆ ಬಹಳ ಕಾಲ ತಿಳಿದಿರಲಿಲ್ಲ ಎಂದು. ಯೋಧ ಧುಮುಕಿದಾಗ ಪ್ಯಾರಾಚೂಟನ್ನು ಬಿಚ್ಚುವ ಪಟ್ಟಿಯ ಒಂದು ತುದಿ ವಿಮಾನದೊಳಗಿನ ತಂತಿಗೇ ಸಿಕ್ಕಿಸಿರುತ್ತದೆ. ಎಲ್ಲರೂ ಹಾರಿದ ಮೇಲೆ ಆ ಪಟ್ಟಿಗಳು ಬಾಗಿಲಿನಾಚೆ ಗಾಳಿಗೆ ಸಿಕ್ಕಿ, ಒಳಗೆಳೆದುಕೊಳ್ಳುವವರೆಗೂ ವಿಮಾನದ ಮೈಗೆ ಬಡಿಯುತ್ತಿರುತ್ತವೆ. ಬರಿದಾದ ವಿಮಾನದಲ್ಲಿ ಕೇಳಿದ ಆ ಸದ್ದನ್ನೇ ಅವರು ನಿಮಗೆ ಕೇಳಿಸುತ್ತಿದ್ದರು. ಕಥೆಗಾರನೆಂದರೆ ಇವರಪ್ಪಾ ಎಂದು ನಾನು ಕುರ್ಚಿಯಿಂದ ಎದ್ದು ನಿಂತೆ. ಇದನ್ನು ಕಂಸದಿಂದ ಬಿಡುಗಡೆ ಮಾಡಿ. ನನ್ನ ಕೈಯಲ್ಲಿದ್ದರೆ ಲೇಖನವನ್ನು ಇಲ್ಲಿಂದಲೇ ಆರಂಭಿಸುತ್ತಿದ್ದೆ.

ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿದ್ದೀರಲ್ಲ? ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ನಿಮ್ಮ ಬರಹದಲ್ಲಿ ಮೇಲಿನ ಎರಡು ಪಟ್ಟಿಗಳೇ ತುಂಬಿಕೊಂಡಿವೆ: ‘ಅಜರಾಮರ’, ‘ಧೀರೋದಾತ್ತ’, ‘ನಭೋಮಂಡಲದ ಧ್ರುವತಾರೆ’. ಹತ್ತನೆಯ ಶತಮಾನದ ಆತಕೂರು ಶಾಸನ ಕಾಡುಹಂದಿಯೊಡನೆ ಕಾದಾಡಿ ಸತ್ತ ನಾಯಿಯ ಹೆಸರನ್ನೂ ಬಿಟ್ಟಿಲ್ಲ. ಕಾಳಿ ಎಂದು ಕಲ್ಲಿನಲ್ಲೇ ಬರೆಸಿಟ್ಟಿದೆ. ಸಾವಿರ ವರ್ಷದ ಮೇಲೂ ನಾವು ಅದನ್ನು ನೆನೆಯುತ್ತಿರುವುದು ಅಂಥ ವಿವರದಿಂದ. ಆ ವಿಶೇಷಣಗಳನ್ನು ಒಂದೂ ಉಳಿಸದೆ ಅಳಿಸಿಹಾಕಿ. ಖಾಲಿಯಾದ ಜಾಗಕ್ಕೆ ಅವರು ಕಥೆ ಹೇಳುತ್ತಿದ್ದ ರೀತಿಯನ್ನು ತನ್ನಿ. ಎಲ್ಲಿಂದ ಶುರು ಮಾಡುತ್ತಿದ್ದರು? ಯಾರಾದರೂ ನಡುವೆ ಪ್ರಶ್ನೆ ಕೇಳಿದರೆ ರೇಗುತ್ತಿದ್ದರೇ? ಯಾವ ಕಥೆಯನ್ನು ಎಷ್ಟು ಕೇಳಿದರೂ ಹೇಳುತ್ತಿರಲಿಲ್ಲ?

ಬಳಗದ ಉಳಿದವರನ್ನೂ ಮಾತನಾಡಿಸಿ. ಒಂದೇ ಕಥೆಯನ್ನು ಅವರು ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಹೇಳಿರುತ್ತಾರೆ. ಒಂದರಲ್ಲಿ ಮೋಡ ಕವಿದಿರುತ್ತದೆ, ಇನ್ನೊಂದರಲ್ಲಿ ಬಿಸಿಲಿರುತ್ತದೆ. ದಯವಿಟ್ಟು ಅವನ್ನು ಬೆರೆಸಿ ನುಣ್ಣಗೆ ಮಾಡಬೇಡಿ. ‘ನನಗೆ ಹೀಗೆ ಹೇಳಿದರು, ಗೆಳೆಯನಿಗೆ ಹಾಗೆ ಹೇಳಿದ್ದರು’ ಎಂದು ಬರೆದರೆ ಓದುಗರು ನಿಮ್ಮನ್ನು ಹೆಚ್ಚು ನಂಬುತ್ತಾರೆ.

ತಂಗೈಲ್‌ನಲ್ಲಿ ‘ಐದು ಸಾವಿರ ಯೋಧರು’ ಇಳಿದರೆಂದು ಬರೆದಿದ್ದೀರಿ. ಇಳಿದದ್ದು ಒಂದು ಬೆಟಾಲಿಯನ್ ಮತ್ತು ಅದರ ಜೊತೆಗಿನ ತುಕಡಿಗಳು. ಎಲ್ಲ ಸೇರಿದರೂ ಸಾವಿರ ಮುಟ್ಟುವುದಿಲ್ಲ. ಐದು ಸಾವಿರವೆಂಬುದು ಅಂದಿನ ವಿದೇಶಿ ಸುದ್ದಿಗಳಲ್ಲಿ ಹಬ್ಬಿದ ಲೆಕ್ಕ. ಆಗ ಪತ್ರಿಕೆಗಳಲ್ಲಿ ಬಂದ, ಆಕಾಶ ತುಂಬ ಪ್ಯಾರಾಚೂಟ್‌ಗಳಿರುವ ಪ್ರಸಿದ್ಧ ಚಿತ್ರವೂ ತಂಗೈಲ್‌ನದಲ್ಲ, ಆಗ್ರಾದಲ್ಲಿ ಹಿಂದೆ ನಡೆದ ತರಬೇತಿಯದು. ನಿಮ್ಮ ಹಿರಿಯರೇ ಐದು ಸಾವಿರ ಎಂದಿದ್ದರೆ ಅದನ್ನು ಅವರ ಮಾತಾಗಿಯೇ ಇಡಿ, ಪಕ್ಕದಲ್ಲಿ ನಿಜವಾದ ಸಂಖ್ಯೆಯನ್ನೂ ಹೇಳಿ. ನೀವು ಬೇರೆಲ್ಲೋ ಓದಿ ಸೇರಿಸಿದ್ದರೆ ತೆಗೆದುಹಾಕಿ. ಕಥೆ ಹೇಳುವವರಿಗೆ ಒಂದಿಷ್ಟು ಹಿಗ್ಗಿಸುವ ಹಕ್ಕಿದೆ. ಅವರು ಹೋದ ಮೇಲೆ ಅವರ ಹೆಸರಿನಲ್ಲಿ ಹಿಗ್ಗಿಸುವ ಹಕ್ಕು ನಮಗಿಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪವೂ ರಾಜಿಯಾಗುವುದಿಲ್ಲ.

ಅವರ ಲಾಗ್‌ಬುಕ್ ಮನೆಯಲ್ಲೇ ಇದೆಯೆಂದು ನೀವು ಬರೆದಿರುವುದು ನನಗೆ ಬಲು ಸಂತೋಷ ಕೊಟ್ಟಿತು. ಪೈಲಟ್‌ಗಳು ಪ್ರತಿ ಹಾರಾಟದ ದಿನಾಂಕ, ವಿಮಾನದ ಬಗೆ ಮತ್ತು ಸಂಖ್ಯೆ, ಕೆಲಸ, ಹಾರಿದ ಹೊತ್ತು ಎಲ್ಲವನ್ನೂ ಅದರಲ್ಲಿ ತಮ್ಮ ಕೈಯಾರೆ ದಾಖಲಿಸುತ್ತಾರೆ. 1971ರ ಡಿಸೆಂಬರ್ ಪುಟವನ್ನು ತೆರೆದು ನೋಡಿ. ನೀವು ಅರ್ಧ ಗಂಟೆ ಕುಳಿತು ಕೇಳಿದ ಕಥೆ ಅಲ್ಲಿ ಬಹುಶಃ ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಆ ಸಾಲನ್ನು ಇದ್ದ ಹಾಗೆಯೇ ಲೇಖನದಲ್ಲಿ ಕೊಡಿ, ಕೆಳಗೆ ಅವರು ಹೇಳಿದ ಕಥೆಯನ್ನು ಕೊಡಿ. ಇಷ್ಟು ಮಾಡಿದರೆ ‘ಅಪ್ರತಿಮ ಕಥೆಗಾರ’ ಎಂದು ನೀವು ಸಾರಬೇಕಾಗಿಯೇ ಇಲ್ಲ.

ಕೊನೆಯ ಪುಟದ ದೇಶಭಕ್ತಿಯ ಪದ್ಯ ಬೇಡ. ಅಂತ್ಯಸಂಸ್ಕಾರದ ವಿವರವನ್ನು ಎರಡು ವಾಕ್ಯಕ್ಕೆ ಇಳಿಸಿ. ಲಾಗ್‌ಬುಕ್ಕಿನ ಪುಟವನ್ನು ಅಚ್ಚು ಹಾಕಲು ಅವರ ಮನೆಯವರ ಒಪ್ಪಿಗೆ ಬೇಕು. ಅದನ್ನು ಬರಹದಲ್ಲೇ ಪಡೆಯಿರಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ, ಬಂದ ದಿನವೇ ಓದುತ್ತೇನೆ. ಡಿಸೆಂಬರ್ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ಇದಕ್ಕಾಗಿ ಕಾದಿರಿಸಲು ಹೇಳಿದ್ದೇನೆ.

ಇಂತಿ,
ಸಂಪಾದಕ